ಗರ್ಭಕೋಶದ ಬಯಾಪ್ಸಿ ಮತ್ತು ಹಿಸ್ಟರೋಸ್ಕೋಪಿ: ನೋವಿಗೆ ಮೊದಲೇ ಸಿದ್ಧರಾಗುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

"ಸ್ವಲ್ಪ ಚಿವುಟಿದ ಹಾಗಾಗುತ್ತದೆ, ಅಷ್ಟೆ" ಎಂದು ಹೇಳಿ ನನ್ನ ಮೊದಲ ಬಯಾಪ್ಸಿಯನ್ನು, ಅಂದರೆ ಗರ್ಭಕೋಶದ ಒಳಪದರದ ಚೂರು ತೆಗೆಯುವ ಪರೀಕ್ಷೆಯನ್ನು, ಆರಂಭಿಸಿದ್ದರು. ಚಿವುಟಿದ ಹಾಗಾದದ್ದು ನಿಜ. ಆದರೆ ಅದರ ಬೆನ್ನಿಗೇ ಕಿಬ್ಬೊಟ್ಟೆಯ ಆಳದಲ್ಲಿ ಒದ್ದೆ ಬಟ್ಟೆಯನ್ನು ಹಿಂಡಿದಂತಹ ನೋವೆದ್ದು, ಸೊಂಟಕ್ಕೂ ತೊಡೆಗೂ ಇಳಿದು, ಹಣೆಯ ಮೇಲೆ ತಣ್ಣನೆಯ ಬೆವರೊಡೆದು, ಕಿವಿಯಲ್ಲಿ ಗುಂಯ್ ಎಂಬ ಸದ್ದು ತುಂಬಿಕೊಂಡಿತು. ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಎಷ್ಟೋ ದಿನ ನನ್ನನ್ನು ಕಾಡಿದ್ದು ಆ ನೋವಲ್ಲ. ಉಳಿದವರಿಗೆಲ್ಲ ಚಿವುಟಿದಷ್ಟೇ ಆಗುವುದಾದರೆ ನನಗೇಕೆ ಹೀಗಾಯಿತು, ನನಗೇ ತಾಳ್ಮೆ ಸಾಲದೇ ಎಂಬ ಪ್ರಶ್ನೆ. ಮೂರು ವರ್ಷಗಳ ನಂತರ, ಕ್ಯಾಮೆರಾದಿಂದ ಗರ್ಭಕೋಶದ ಒಳಭಾಗವನ್ನು ನೋಡುವ ಹಿಸ್ಟರೋಸ್ಕೋಪಿ ಮಾಡಿಸಿಕೊಳ್ಳಬೇಕಾಗಿ ಬಂದಾಗ ಬೇರೊಬ್ಬ ವೈದ್ಯರ ಬಳಿ ಮೊದಲೇ ಕುಳಿತು ಮಾತನಾಡಿ, ನೋವಿಗೆ ಏನು ಮಾಡುವುದೆಂದು ಗೊತ್ತುಮಾಡಿಕೊಂಡು ಹೋದೆ. ಆಗಲೂ ನೋವಾಯಿತು, ಆದರೆ ಅದು ನನ್ನನ್ನು ಅನಿರೀಕ್ಷಿತವಾಗಿ ಬಂದು ಬಡಿಯಲಿಲ್ಲ. ಆ ಎರಡು ಅನುಭವಗಳ ನಡುವಿನ ಅಂತರಕ್ಕೆ ಏನೇನು ಕಾರಣವಾಯಿತೋ ಅದನ್ನೆಲ್ಲ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಗರ್ಭನಾಳಗಳಿಗೆ ಬಣ್ಣದ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ, ಗರ್ಭಕೋಶದ ಬಾಯಿಯನ್ನು ಭೂತಗನ್ನಡಿಯಂತಹ ಉಪಕರಣದಿಂದ ನೋಡುವ ಕಾಲ್ಪೋಸ್ಕೋಪಿ ಮುಂತಾದ ಪರೀಕ್ಷೆಗಳಿಗೆ ಹೋಗುವವರಿಗೂ ಇದರ ಬಹುಭಾಗ ಅನ್ವಯಿಸುತ್ತದೆ.

ಮೊದಲ ಹಂತ: ಯಾವ ಪರೀಕ್ಷೆ, ಏಕೆ ಎಂದು ಸ್ಪಷ್ಟವಾಗಿ ತಿಳಿದುಕೊಳ್ಳಿ

ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಾಗ, ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವವಾಗುತ್ತಿರುವಾಗ ಅಥವಾ ಎರಡು ಮುಟ್ಟುಗಳ ನಡುವೆ ರಕ್ತ ಹೋಗುತ್ತಿರುವಾಗ, ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಪದರ ದಪ್ಪಗಾಗಿರುವುದೋ ಪಾಲಿಪ್ (ಒಳಪದರದಿಂದ ಚಾಚಿಕೊಂಡ ಸಣ್ಣ ಗಂಟು) ಇರುವುದೋ ಕಂಡಾಗ ವೈದ್ಯರು ಈ ಪರೀಕ್ಷೆಗಳನ್ನು ಸೂಚಿಸುತ್ತಾರೆ. ಮುಟ್ಟು ನಿಂತ ನಂತರ ರಕ್ತ ಕಂಡವರಲ್ಲಿ ಒಳಪದರದ ದಪ್ಪ 4 ಮಿಲಿಮೀಟರ್‌ಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಮುಂದಿನ ತಪಾಸಣೆಗೆ ಹೇಳುತ್ತಾರೆ. ಇಂಥವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಮೊದಲು ತೋರಿಸಿಕೊಳ್ಳುವುದು ಬಹುಮಟ್ಟಿಗೆ ಇಂತಹ ರಕ್ತಸ್ರಾವದ ಮೂಲಕವೇ, ಮತ್ತು ಬೇಗ ಪತ್ತೆಯಾದರೆ ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಆದ್ದರಿಂದ ನೋವಿನ ಭಯಕ್ಕೆ ಪರೀಕ್ಷೆಯನ್ನೇ ಕೈಬಿಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಪರೀಕ್ಷೆಯನ್ನು ತಪ್ಪಿಸದೆಯೇ ಅದನ್ನು ಮಾಡುವ ರೀತಿಯನ್ನು ಬದಲಿಸಿಕೊಳ್ಳಲು ಸಾಧ್ಯವಿದೆ.

ಬಯಾಪ್ಸಿಯಲ್ಲಿ ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಎಂಬ ಉಪಕರಣವನ್ನು ಒಳಗಿಟ್ಟು, ಗರ್ಭಕೋಶದ ಬಾಯಿ ಕಾಣುವಂತೆ ಮಾಡಿ, ಅದನ್ನು ಔಷಧದಿಂದ ಒರೆಸುತ್ತಾರೆ. ಅಗತ್ಯವಿದ್ದರೆ ಟೆನಾಕ್ಯುಲಮ್ ಎಂಬ ಚೂಪು ತುದಿಯ ಇಕ್ಕಳದಿಂದ ಆ ಬಾಯಿಯನ್ನು ಹಿಡಿದು ಸ್ಥಿರಗೊಳಿಸುತ್ತಾರೆ. ಆಮೇಲೆ ಸುಮಾರು 3 ಮಿಲಿಮೀಟರ್ ದಪ್ಪದ, ಬಾಗುವ ಪ್ಲಾಸ್ಟಿಕ್ ನಳಿಕೆಯನ್ನು ಗರ್ಭಕೋಶದೊಳಕ್ಕೆ ತೂರಿಸುತ್ತಾರೆ. ಇದಕ್ಕೆ ಪೈಪೆಲ್ ಎಂದು ಹೆಸರು. ನಳಿಕೆಯೊಳಗಿನ ಕಡ್ಡಿಯನ್ನು ಹಿಂದಕ್ಕೆ ಎಳೆದಾಗ ಉಂಟಾಗುವ ಹೀರುವಿಕೆಗೆ ಒಳಪದರದ ಚೂರುಗಳು ನಳಿಕೆಯೊಳಗೆ ಬರುತ್ತವೆ. ಒಟ್ಟು ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ. ಚೂರು ತೆಗೆಯುವ ಆ ಕಠಿಣ ಭಾಗ ಒಂದು ನಿಮಿಷವನ್ನೂ ಮೀರುವುದು ಅಪರೂಪ. ಹಿಸ್ಟರೋಸ್ಕೋಪಿಯಲ್ಲಿ ಕ್ಯಾಮೆರಾ ಇರುವ ತೆಳುವಾದ ದರ್ಶಕವನ್ನು ಒಳಗೆ ಕಳಿಸಿ, ಸಲೈನ್ ಹರಿಸಿ ಗರ್ಭಕೋಶವನ್ನು ಹಿಗ್ಗಿಸಿ, ಒಳಭಾಗವನ್ನು ಪರದೆಯ ಮೇಲೆ ನೋಡುತ್ತಾರೆ. ಅನೇಕ ಬಾರಿ ಎರಡನ್ನೂ ಒಟ್ಟಿಗೇ ಮಾಡುವುದುಂಟು. ನಿಮಗೆ ಮಾಡುವುದು ಇವುಗಳಲ್ಲಿ ಯಾವುದು, ಪಾಲಿಪ್ ಸಿಕ್ಕರೆ ಅದನ್ನು ಅಲ್ಲಿಯೇ ತೆಗೆಯುತ್ತಾರೆಯೇ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ, ಏಕೆಂದರೆ ನೋವಿನ ಪ್ರಮಾಣವೂ ಬೇಕಾಗುವ ಸಿದ್ಧತೆಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಎರಡನೆಯ ಹಂತ: ನೋವು ಎಲ್ಲಿಂದ ಬರುತ್ತದೆ ಎಂದು ಅರಿಯಿರಿ

ಈ ಭಾಗವನ್ನು ದಯವಿಟ್ಟು ಬಿಟ್ಟು ಮುಂದೆ ಹೋಗಬೇಡಿ. ನನಗೆ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಟ್ಟದ್ದು ಈ ತಿಳಿವಳಿಕೆಯೇ.

ಗರ್ಭಕೋಶದ ಬಾಯಿಯ ನೋವೂ ಗರ್ಭಕೋಶದ ಮೇಲ್ಭಾಗದ ನೋವೂ ಮೆದುಳಿಗೆ ತಲುಪುವುದು ಬೇರೆ ಬೇರೆ ನರಗಳ ಮೂಲಕ. ಬಾಯಿಯಿಂದ ಹೊರಟ ಸಂಕೇತಗಳು ಬೆನ್ನುಹುರಿಯ ಕೆಳತುದಿಯ ಸೇಕ್ರಲ್ ನರಗಳ ದಾರಿ ಹಿಡಿಯುತ್ತವೆ. ಗರ್ಭಕೋಶದ ಮೇಲ್ಭಾಗದವು ಎದೆಗೂಡಿನ ಕೊನೆಯ ಮತ್ತು ಸೊಂಟದ ಮೊದಲ ನರಗಳ ಮೂಲಕ ಸಾಗುತ್ತವೆ. ಹೀಗಾಗಿ ಇಕ್ಕಳ ಹಿಡಿದಾಗ ಆಗುವುದು ಒಂದು ಬಗೆಯ ಚುರುಕು ನೋವು, ನಳಿಕೆ ಒಳಗೆ ತಾಗಿದಾಗ ಅಥವಾ ಸಲೈನ್ ಹಿಗ್ಗಿಸಿದಾಗ ಆಗುವುದು ಹಿಂಡುವಂತಹ ಇನ್ನೊಂದು ಬಗೆಯ ನೋವು. ಬಾಯಿಯ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೂ ಒಳಗಿನ ನೋವು ಪೂರ್ತಿ ಹೋಗದಿರುವುದಕ್ಕೆ ಇದೇ ಕಾರಣ. ಅಂತಹ ನೋವು ಬಂದಾಗ ಇಂಜೆಕ್ಷನ್ ಕೆಲಸ ಮಾಡಲಿಲ್ಲವೆಂದು ಗಾಬರಿಯಾಗಬೇಕಾಗಿಲ್ಲ. ಅದು ಒಂದು ದಾರಿಯನ್ನು ಮುಚ್ಚಿದೆ, ಇನ್ನೊಂದು ದಾರಿ ತೆರೆದಿದೆ, ಅಷ್ಟೆ.

ಗರ್ಭಕೋಶವೆಂದರೆ ಸ್ನಾಯುವಿನ ಚೀಲ. ಒಳಪದರ ಕೆದಕಿದಾಗ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಆ ಸ್ನಾಯು ಬಿಗಿಯಾಗಿ ಸಂಕುಚಿಸುತ್ತದೆ. ಮುಟ್ಟಿನ ಹೊಟ್ಟೆನೋವಿಗೂ ಇದೇ ರಾಸಾಯನಿಕ ಕಾರಣ. ಐಬುಪ್ರೊಫೇನ್, ನ್ಯಾಪ್ರೋಕ್ಸೆನ್‌ನಂತಹ ಮಾತ್ರೆಗಳು ಪ್ರೋಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ಆದ್ದರಿಂದ ಅವನ್ನು ನೋವು ಶುರುವಾದ ಮೇಲೆ ನುಂಗುವುದಕ್ಕಿಂತ ಪರೀಕ್ಷೆಗೆ ಮುಂಚೆಯೇ ನುಂಗುವುದರಲ್ಲಿ ಅರ್ಥವಿದೆ.

ತಲೆ ಸುತ್ತಿ, ಬೆವರೊಡೆದು, ವಾಂತಿ ಬರುವಂತಾಗುವುದಕ್ಕೂ ಒಂದು ದೈಹಿಕ ಕಾರಣವಿದೆ. ಗರ್ಭಕೋಶದ ಬಾಯಿಯನ್ನು ಎಳೆದಾಗ ಅಥವಾ ಹಿಗ್ಗಿಸಿದಾಗ ಕೆಲವರಲ್ಲಿ ವೇಗಸ್ ನರ ಪ್ರಚೋದನೆಗೊಂಡು, ಹೃದಯದ ಬಡಿತ ನಿಧಾನವಾಗಿ, ರಕ್ತದೊತ್ತಡ ಇಳಿಯುತ್ತದೆ. ಇದು ಹೆದರಿಕೆಯ ನಾಟಕವೂ ಅಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ಮಲಗಿಸಿ ಕಾಲು ಎತ್ತರಿಸಿದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಸರಿಹೋಗುತ್ತದೆ.

ಎಲ್ಲರಿಗೂ ಒಂದೇ ಮಟ್ಟದ ನೋವಾಗುವುದಿಲ್ಲ. ಕೆಲವರು ಮುಟ್ಟಿನ ನೋವಿನಷ್ಟೇ ಎನ್ನುತ್ತಾರೆ, ಕೆಲವರಿಗೆ ಏನೂ ಅನ್ನಿಸುವುದಿಲ್ಲ, ಇನ್ನು ಕೆಲವರಿಗೆ ಸಹಿಸಲಾಗದಷ್ಟು ಆಗುತ್ತದೆ. ಮೂವರೂ ಹೇಳುತ್ತಿರುವುದು ನಿಜವನ್ನೇ. ಯೋನಿಯ ಮೂಲಕ ಹೆರಿಗೆಯಾಗದವರಿಗೆ, ಮುಟ್ಟು ನಿಂತು ಗರ್ಭಕೋಶದ ಬಾಯಿ ಕಿರಿದಾಗಿರುವವರಿಗೆ, ಮುಟ್ಟಿನಲ್ಲಿ ತೀವ್ರ ನೋವು ಅನುಭವಿಸುತ್ತ ಬಂದವರಿಗೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂತಹ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಇರುವವರಿಗೆ, ಹಿಂದಿನ ಪರೀಕ್ಷೆಯಲ್ಲಿ ಅಥವಾ ಲೈಂಗಿಕ ದೌರ್ಜನ್ಯದಲ್ಲಿ ನೊಂದವರಿಗೆ ನೋವು ಹೆಚ್ಚಾಗುವ ಸಂಭವವಿದೆ. ನೀವು ಈ ಗುಂಪಿಗೆ ಸೇರಿದ್ದರೆ ಮುಂದಿನ ಹಂತ ನಿಮಗೆ ಇನ್ನಷ್ಟು ಮುಖ್ಯ.

ಮೂರನೆಯ ಹಂತ: ದಿನ ಗೊತ್ತುಮಾಡುವ ಮುಂಚೆಯೇ ವೈದ್ಯರೊಡನೆ ಮಾತನಾಡಿ

ಮೇಜಿನ ಮೇಲೆ ಮಲಗಿದ ಮೇಲೆ ಪ್ರಶ್ನೆ ಕೇಳುವುದು ಬಹಳ ಕಷ್ಟ. ಬಟ್ಟೆ ತೊಟ್ಟು, ಎದುರುಬದುರು ಕುರ್ಚಿಯಲ್ಲಿ ಕುಳಿತಿರುವಾಗಲೇ ಈ ಮಾತು ಆಗಬೇಕು. ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದಕ್ಕೆ ಸಂಕೋಚ ಬೇಡ. "ನೋವಾಗುತ್ತದೆಯೇ?" ಎಂದು ಕೇಳಿದರೆ "ಸ್ವಲ್ಪ" ಎಂಬ ಉತ್ತರ ಬಂದು ಮಾತು ಅಲ್ಲಿಗೇ ಮುಗಿದುಬಿಡುತ್ತದೆ. ಅದರ ಬದಲು "ನೋವಿಗೆ ನಿಮ್ಮಲ್ಲಿ ಏನೇನು ವ್ಯವಸ್ಥೆ ಇದೆ? ನನಗೆ ಯಾವುದು ಸೂಕ್ತ? ಮಧ್ಯದಲ್ಲಿ ತಾಳಲಾಗದಿದ್ದರೆ ಏನು ಮಾಡುತ್ತೀರಿ?" ಎಂದು ಕೇಳಿ. ಉತ್ತರ ವಿವರವಾಗಿ ಬರಲೇಬೇಕಾಗುತ್ತದೆ.

ಹಿಂದಿನ ಅನುಭವವನ್ನು ಮುಚ್ಚಿಡಬೇಡಿ. "ಕಳೆದ ಬಾರಿ ಸ್ಪೆಕ್ಯುಲಮ್ ಇಟ್ಟಾಗಲೇ ತುಂಬಾ ನೋವಾಗಿತ್ತು", "ನಾನು ತಲೆ ಸುತ್ತಿ ಬಿದ್ದಿದ್ದೆ" ಎಂಬ ಒಂದು ವಾಕ್ಯದಿಂದ ವೈದ್ಯರ ಯೋಜನೆಯೇ ಬದಲಾಗಬಹುದು. ದೌರ್ಜನ್ಯದ ವಿಷಯವನ್ನು ಬಿಡಿಸಿ ಹೇಳಲು ಮನಸ್ಸಿಲ್ಲದಿದ್ದರೆ "ಈ ಬಗೆಯ ಪರೀಕ್ಷೆ ನನಗೆ ಬಹಳ ಕಷ್ಟ, ಹೇಳದೆ ಮುಟ್ಟಬೇಡಿ" ಎಂದಷ್ಟೇ ಹೇಳಿದರೂ ಸಾಕು. ರಕ್ತ ತೆಳುವಾಗಿಸುವ ಮಾತ್ರೆ, ಆಸ್ತಮಾ, ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ಔಷಧದ ಅಲರ್ಜಿ, ಗರ್ಭಿಣಿಯಾಗಿರುವ ಸಾಧ್ಯತೆ ಇವುಗಳನ್ನು ತಪ್ಪದೆ ತಿಳಿಸಿ. ಗರ್ಭಿಣಿಯರಿಗೆ ಈ ಪರೀಕ್ಷೆಗಳನ್ನು ಮಾಡುವುದಿಲ್ಲ. ಯೋನಿಯಲ್ಲಿ ಅಥವಾ ಗರ್ಭಕೋಶದಲ್ಲಿ ಸೋಂಕಿದ್ದರೆ ಅದು ವಾಸಿಯಾಗುವ ತನಕ ಮುಂದೂಡುತ್ತಾರೆ.

ಹೀಗೆ ಕೇಳುವುದು ಅಧಿಕಪ್ರಸಂಗವಾಗುತ್ತದೆಂದು ಹಿಂಜರಿಯುವವರಿಗೆ ಒಂದು ವಿಷಯ ಹೇಳಬೇಕು. ಬ್ರಿಟನ್ನಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2023ರಲ್ಲಿ ಹಿಸ್ಟರೋಸ್ಕೋಪಿಯ ನೋವು ನಿವಾರಣೆ ಮತ್ತು ತಿಳಿದು ಕೊಡುವ ಸಮ್ಮತಿಯ ಕುರಿತೇ ಪ್ರತ್ಯೇಕ ಮಾರ್ಗಸೂಚಿಯನ್ನು ಪ್ರಕಟಿಸಿತು. ಅಮೆರಿಕದ ಸ್ತ್ರೀರೋಗ ತಜ್ಞರ ಕಾಲೇಜು 2025ರ ಮೇ ತಿಂಗಳಿನಲ್ಲಿ ಬಯಾಪ್ಸಿಯೂ ಸೇರಿದಂತೆ ಕ್ಲಿನಿಕ್‌ನಲ್ಲಿ ನಡೆಯುವ ಇಂತಹ ಪರೀಕ್ಷೆಗಳಿಗೆ ನೋವು ನಿವಾರಣೆಯ ಆಯ್ಕೆಗಳನ್ನು ರೋಗಿಗಳೊಡನೆ ಚರ್ಚಿಸಬೇಕೆಂದು ಹೇಳಿತು. ನೀವು ಕೇಳುತ್ತಿರುವುದು ತಜ್ಞರ ಸಂಸ್ಥೆಗಳೇ ಒಪ್ಪಿರುವ ಸಂಗತಿಯನ್ನು.

ನಾಲ್ಕನೆಯ ಹಂತ: ನೋವು ನಿವಾರಣೆಯ ದಾರಿಯನ್ನು ಆರಿಸಿಕೊಳ್ಳಿ

ಮಾತ್ರೆಯೇ ಮೊದಲ ಮೆಟ್ಟಿಲು. ವೈದ್ಯರು ಒಪ್ಪಿದರೆ ಐಬುಪ್ರೊಫೇನ್ ಅಥವಾ ಪ್ಯಾರಸಿಟಮಾಲ್ ಅನ್ನು ಪರೀಕ್ಷೆಗೆ ಸುಮಾರು ಒಂದು ಗಂಟೆ ಮುಂಚೆ ತೆಗೆದುಕೊಳ್ಳಬಹುದು. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ಕಾಯಿಲೆ ಅಥವಾ ಆಸ್ಪಿರಿನ್‌ನಿಂದ ಉಬ್ಬಸ ಹೆಚ್ಚಾಗುವ ಗುಣ ಇರುವವರಿಗೆ ಐಬುಪ್ರೊಫೇನ್ ಆಗಿಬರುವುದಿಲ್ಲ. ಪ್ರಮಾಣವನ್ನು ವೈದ್ಯರಿಂದಲೇ ಬರೆಸಿಕೊಳ್ಳಿ. ಆದರೆ ತೀವ್ರ ನೋವಿಗೆ ಮಾತ್ರೆಯೊಂದೇ ಸಾಕಾಗದಿರಬಹುದು. ಅದನ್ನೇ ಪೂರ್ಣ ಪರಿಹಾರವೆಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ.

ಎರಡನೆಯದು ಸ್ಥಳೀಯ ಅರಿವಳಿಕೆ. ಲಿಡೊಕೇನ್ ಎಂಬ ಮರಗಟ್ಟಿಸುವ ಔಷಧವನ್ನು ಗರ್ಭಕೋಶದ ಬಾಯಿಗೆ ಸ್ಪ್ರೇ ಮಾಡಬಹುದು, ಜೆಲ್ ಆಗಿ ಹಚ್ಚಬಹುದು, ಅಥವಾ ಸುತ್ತಲೂ ಇಂಜೆಕ್ಷನ್ ಆಗಿ ಕೊಡಬಹುದು. ಇಂಜೆಕ್ಷನ್ ಚುಚ್ಚುವಾಗಲೇ ಸ್ವಲ್ಪ ನೋವಾಗುತ್ತದೆ, ಕೆಲವು ಕ್ಷಣ ಎದೆ ಡವಗುಟ್ಟಿದಂತೆ ಅಥವಾ ನಾಲಗೆಯಲ್ಲಿ ಲೋಹದ ರುಚಿ ಬಂದಂತೆ ಆಗಬಹುದು; ಹಾಗಾದರೆ ಕೂಡಲೇ ಹೇಳಿ. ಔಷಧ ಹಿಡಿಯಲು ಕೆಲವು ನಿಮಿಷ ಬೇಕು, ಆದ್ದರಿಂದ "ಮರಗಟ್ಟುವವರೆಗೆ ಕಾಯೋಣ" ಎಂದು ನೀವೇ ನೆನಪಿಸಿದರೂ ತಪ್ಪಿಲ್ಲ.

ಹಿಸ್ಟರೋಸ್ಕೋಪಿಗಾದರೆ ವಿಧಾನದ ಬಗ್ಗೆಯೇ ಒಂದು ಪ್ರಶ್ನೆ ಕೇಳಬೇಕು. ಸ್ಪೆಕ್ಯುಲಮ್ ಮತ್ತು ಇಕ್ಕಳಗಳಿಲ್ಲದೆ, ದರ್ಶಕವನ್ನೇ ನೇರವಾಗಿ ಯೋನಿಯ ಮೂಲಕ ಒಳಗೆ ನಡೆಸುವ ವೆಜೈನೋಸ್ಕೋಪಿ ಎಂಬ ಕ್ರಮವಿದೆ. ಇದರಲ್ಲಿ ನೋವು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಸಾಧ್ಯವಾದಷ್ಟು ತೆಳುವಾದ ದರ್ಶಕ, ಕೆಲಸಕ್ಕೆ ಸಾಕಾಗುವಷ್ಟು ಮಾತ್ರ ದ್ರವದ ಒತ್ತಡ ಇವೂ ನೋವನ್ನು ತಗ್ಗಿಸುತ್ತವೆ. ನನ್ನ ಎರಡನೆಯ ಅನುಭವ ಮೊದಲನೆಯದಕ್ಕಿಂತ ಹಗುರವಾಗಿದ್ದುದಕ್ಕೆ ಈ ವಿಧಾನದ ಪಾಲು ದೊಡ್ಡದೆಂದು ನಾನು ನಂಬಿದ್ದೇನೆ.

ಇವಲ್ಲದೆ ಕೆಲವು ಕಡೆ ಉಸಿರಿನ ಮೂಲಕ ಎಳೆದುಕೊಳ್ಳುವ ನೋವು ನಿವಾರಕ ಅನಿಲ, ಮಂಪರು ಬರಿಸುವ ಔಷಧ ಅಥವಾ ಪೂರ್ಣ ಅರಿವಳಿಕೆಯ ವ್ಯವಸ್ಥೆ ಇರುತ್ತದೆ. ಪೂರ್ಣ ಅರಿವಳಿಕೆಗೆ ಅದರದೇ ಆದ ಅಪಾಯಗಳಿವೆ, ಆರು ಗಂಟೆಗಳ ಉಪವಾಸ ಬೇಕು, ಚೇತರಿಕೆಗೆ ಹೆಚ್ಚು ಹೊತ್ತು ಹಿಡಿಯುತ್ತದೆ, ಅದಕ್ಕಾಗಿ ಕಾಯಬೇಕಾಗಿಯೂ ಬರಬಹುದು. ಆದರೂ ಹಿಂದೆ ತೀವ್ರವಾಗಿ ನೊಂದವರಿಗೆ ಮತ್ತು ಎಚ್ಚರದಲ್ಲಿ ಈ ಪರೀಕ್ಷೆಯನ್ನು ಎದುರಿಸಲಾಗದವರಿಗೆ ಅದು ನ್ಯಾಯವಾದ ಆಯ್ಕೆಯೇ. ಅದನ್ನು ಕೇಳಿದ್ದಕ್ಕೆ ಯಾರೂ ನಾಚಿಕೊಳ್ಳಬೇಕಾಗಿಲ್ಲ.

ಐದನೆಯ ಹಂತ: ದಿನ, ಸಿದ್ಧತೆ, ಜೊತೆಗಾರರು

ಮುಟ್ಟಾಗುತ್ತಿರುವವರಿಗೆ ಹಿಸ್ಟರೋಸ್ಕೋಪಿಯನ್ನು ಮುಟ್ಟು ಮುಗಿದ ಕೆಲವೇ ದಿನಗಳಲ್ಲಿ ಮಾಡುವುದು ಒಳ್ಳೆಯದು, ಏಕೆಂದರೆ ಆಗ ಒಳಪದರ ತೆಳುವಾಗಿದ್ದು ನೋಟ ಸ್ಪಷ್ಟವಾಗಿರುತ್ತದೆ. ಗೊತ್ತುಮಾಡಿದ ದಿನ ರಕ್ತಸ್ರಾವ ಜೋರಾಗಿದ್ದರೆ ಮೊದಲೇ ಕರೆ ಮಾಡಿ ತಿಳಿಸಿ. ನಿತ್ಯದ ಮಾತ್ರೆಗಳನ್ನು, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆಯನ್ನು, ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಪೂರ್ಣ ಅರಿವಳಿಕೆ ಅಥವಾ ಮಂಪರಿನ ಔಷಧ ಇಲ್ಲದಿದ್ದರೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಹಸಿದ ಹೊಟ್ಟೆಗೆ ತಲೆ ಸುತ್ತುವುದು ಬೇಗ. ಒಂದೆರಡು ಗಂಟೆ ಮುಂಚೆ ಹಗುರವಾಗಿ ತಿಂದು, ನೀರು ಕುಡಿದು ಹೊರಡಿ. ಸೊಂಟದ ಕೆಳಗೆ ಸುಲಭವಾಗಿ ಬಿಚ್ಚಬಹುದಾದ, ಮೇಲೆ ಉದ್ದವಾಗಿ ಇಳಿಬಿದ್ದು ಮುಚ್ಚುವ ಉಡುಪು ಅನುಕೂಲ. ಚೀಲದಲ್ಲಿ ಪ್ಯಾಡ್, ಬದಲಿ ಒಳಉಡುಪು, ನೀರು, ಕಾಲುಚೀಲ ಇರಲಿ. ಕಾಲುಚೀಲ ಎಂದರೆ ಸಣ್ಣ ವಿಷಯವೆನ್ನಿಸಬಹುದು. ಆ ತಣ್ಣನೆಯ ಕೊಠಡಿಯಲ್ಲಿ ಪಾದ ಬೆಚ್ಚಗಿದ್ದರೆ ಇಡೀ ಮೈ ಅಷ್ಟು ಸೆಟೆದುಕೊಳ್ಳುವುದಿಲ್ಲ. ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ. ಮರಳುವಾಗ ವಾಹನವನ್ನು ನೀವೇ ಓಡಿಸುವ ಪರಿಸ್ಥಿತಿ ಇಟ್ಟುಕೊಳ್ಳಬೇಡಿ.

ಆರನೆಯ ಹಂತ: ಮೇಜಿನ ಮೇಲೆ

ಮಲಗುವ ಮುನ್ನ ಮೂತ್ರಕ್ಕೆ ಹೋಗಿ ಬನ್ನಿ. ಆಮೇಲೆ, ಯಾರೂ ಏನನ್ನೂ ಕೈಗೆತ್ತಿಕೊಳ್ಳುವ ಮೊದಲು, ಒಂದು ಮಾತನ್ನು ಗಟ್ಟಿ ಮಾಡಿಕೊಳ್ಳಿ: "ನಾನು ನಿಲ್ಲಿಸಿ ಎಂದರೆ ನಿಲ್ಲಿಸಬೇಕು. ಮಾತನಾಡಲಾಗದಿದ್ದರೆ ಕೈ ಎತ್ತುತ್ತೇನೆ." ಸಮ್ಮತಿ ಪತ್ರಕ್ಕೆ ಸಹಿ ಹಾಕಿದ್ದರೂ ಆ ಸಮ್ಮತಿಯನ್ನು ಯಾವ ಕ್ಷಣದಲ್ಲಾದರೂ ಹಿಂತೆಗೆದುಕೊಳ್ಳುವ ಹಕ್ಕು ನಿಮ್ಮದು. ಈ ಮಾರ್ಗದರ್ಶಿಯಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ನೆನಪಿಟ್ಟುಕೊಳ್ಳಿ.

ನನ್ನ ಎರಡನೆಯ ಬಾರಿ ದರ್ಶಕ ಗರ್ಭಕೋಶದ ಬಾಯಿಯನ್ನು ದಾಟುವಾಗ ನಾನು ಕೈ ಎತ್ತಿದೆ. ವೈದ್ಯರ ಕೈ ಇದ್ದಲ್ಲೇ ನಿಂತಿತು. ಸಲೈನ್ ತೊಟ್ಟಿಕ್ಕುವ ಸದ್ದು ನಿಂತಿತು. ನರ್ಸ್ ನನ್ನ ಭುಜದ ಮೇಲೆ ಅಂಗೈ ಇಟ್ಟು "ಆತುರವಿಲ್ಲಮ್ಮಾ, ನೀವು ಹೇಳಿದ ಮೇಲೇ ಮುಂದುವರಿಸೋಣ" ಎಂದರು. ಅರ್ಧ ನಿಮಿಷ ಕಳೆದಿರಬೇಕು. ಹೊಟ್ಟೆಯ ಬಿಗಿತ ತಾನಾಗಿ ಸಡಿಲವಾಯಿತು. "ಸರಿ, ಮುಂದುವರಿಸಿ" ಎಂದು ಹೇಳಿದವಳು ನಾನೇ. ಆ ಅರ್ಧ ನಿಮಿಷ ಸಿಕ್ಕಿದ್ದರಿಂದಲೇ ನಾನು ಪರೀಕ್ಷೆಯನ್ನು ಪೂರ್ತಿ ಮಾಡಿಸಿಕೊಂಡು ಬಂದೆ.

ಕಾಲುಗಳನ್ನು ಅಗಲಿಸಿ ಇಟ್ಟಾಗ ಪೃಷ್ಠವನ್ನು ಮೇಲಕ್ಕೆತ್ತಬೇಕೆನ್ನಿಸುವುದು ಸಹಜ, ಆದರೆ ಹಾಗೆ ಎತ್ತಿದಾಗ ಕಟಿಯ ಸ್ನಾಯುಗಳು ಬಿಗಿದು ನೋವು ಹೆಚ್ಚುತ್ತದೆ. ಸೊಂಟವನ್ನು ಮೇಜಿಗೆ ಭಾರವಾಗಿ ಬಿಡಿ. ಮೂಗಿನಿಂದ ಉಸಿರೆಳೆದು, ಬಿಸಿ ಪಾನೀಯವನ್ನು ಊದಿ ಆರಿಸುವಂತೆ ಬಾಯಿಯಿಂದ ನಿಧಾನವಾಗಿ ಬಿಡಿ. ಒಳತೆಗೆದುಕೊಂಡದ್ದಕ್ಕಿಂತ ಬಿಡುವ ಉಸಿರು ಉದ್ದವಾಗಿರಲಿ. ದವಡೆ ಕಚ್ಚಿಕೊಂಡಿದ್ದರೆ ಸಡಿಲಿಸಿ. ಉಸಿರು ಕಟ್ಟಿಕೊಳ್ಳುವುದೂ, ಗಾಬರಿಯಿಂದ ಬೇಗ ಬೇಗ ಉಸಿರಾಡುವುದೂ ತಲೆ ಸುತ್ತನ್ನು ಹೆಚ್ಚಿಸುತ್ತವೆ. ಪ್ರತಿ ಹೆಜ್ಜೆಯನ್ನೂ ಮೊದಲೇ ಹೇಳಿ ಮಾಡಬೇಕೆಂದು ಕೆಲವರಿಗೆ ಬೇಕಾಗುತ್ತದೆ, ಕೆಲವರಿಗೆ ಏನೂ ಕೇಳಿಸಿಕೊಳ್ಳದೆ ಬೇರೆ ಮಾತಾಡುತ್ತಿರಬೇಕೆನಿಸುತ್ತದೆ. ನಿಮಗೆ ಯಾವುದು ಬೇಕೋ ಅದನ್ನು ನರ್ಸ್‌ಗೆ ತಿಳಿಸಿ. ಸ್ಪೆಕ್ಯುಲಮ್ ಒತ್ತುತ್ತಿದ್ದರೆ ಚಿಕ್ಕ ಗಾತ್ರದ್ದನ್ನು ಕೇಳಬಹುದು.

ಕಣ್ಣು ಕತ್ತಲಿಟ್ಟಂತಾದರೆ ತಕ್ಷಣ ಹೇಳಿ. ನೋವು ತಾಳಬಹುದಾದ ಮಟ್ಟವನ್ನು ಮೀರಿದರೆ ಪರೀಕ್ಷೆಯನ್ನು ಅಲ್ಲಿಗೇ ಬಿಟ್ಟು ಇನ್ನೊಂದು ದಿನ ಹೆಚ್ಚಿನ ನೋವು ನಿವಾರಣೆಯೊಂದಿಗೆ ಮಾಡಿಸಿಕೊಳ್ಳಬಹುದು. ಅದನ್ನು ಸೋಲೆಂದು ಎಣಿಸಬೇಡಿ.

ಏಳನೆಯ ಹಂತ: ಮುಗಿದ ಮೇಲೆ

ಒಮ್ಮೆಲೇ ಎದ್ದು ನಿಲ್ಲಬೇಡಿ. ಮಲಗಿದಲ್ಲೇ ಐದು ನಿಮಿಷ, ಕುಳಿತು ಐದು ನಿಮಿಷ ಕಳೆದು, ತಲೆ ತಿಳಿಯಾದ ಮೇಲೆ ನಿಧಾನವಾಗಿ ಏಳಿ. ಮುಟ್ಟಿನಂತಹ ನೋವು ಕೆಲವು ಗಂಟೆಗಳಿಂದ ಒಂದೆರಡು ದಿನದವರೆಗೆ ಇರಬಹುದು, ರಕ್ತದ ಕಲೆ ಕೆಲವು ದಿನ ಕಾಣಿಸಬಹುದು. ಹಿಸ್ಟರೋಸ್ಕೋಪಿಯಾಗಿದ್ದರೆ ಮೊದಮೊದಲು ನೀರು ನೀರಾಗಿಯೂ ಹೋಗುತ್ತದೆ. ಕಿಬ್ಬೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡರೆ ಹಾಯೆನಿಸುತ್ತದೆ. ರಕ್ತ ನಿಲ್ಲುವವರೆಗೆ ಪ್ಯಾಡ್ ಮಾತ್ರ ಬಳಸಿ. ಟ್ಯಾಂಪೂನ್, ಮುಟ್ಟಿನ ಕಪ್ ಮತ್ತು ಲೈಂಗಿಕ ಸಂಪರ್ಕ ವೈದ್ಯರು ಹೇಳಿದಷ್ಟು ದಿನ ಬೇಡ.

ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ದುರ್ವಾಸನೆಯ ಸ್ರಾವವಾದರೆ, ಗಂಟೆಗೊಂದು ಪ್ಯಾಡ್ ತೊಯ್ಯುವಂತೆ ಎರಡು ಗಂಟೆ ರಕ್ತ ಹೋದರೆ, ಹೊಟ್ಟೆನೋವು ಇಳಿಯುವ ಬದಲು ಏರುತ್ತಲೇ ಹೋದರೆ ಅಥವಾ ಪ್ರಜ್ಞೆ ತಪ್ಪಿದರೆ ಕಾಯದೆ ಆಸ್ಪತ್ರೆಗೆ ಹೋಗಿ. ಸೋಂಕು, ಗರ್ಭಕೋಶಕ್ಕೆ ತೂತಾಗುವುದು ಇವು ಅಪರೂಪ, ಆದರೆ ಅವುಗಳ ಲಕ್ಷಣಗಳು ಇವೇ.

ಮೈಯ ನೋವು ಇಳಿದ ಮೇಲೂ ಅಳು ಬರುವುದು, ನಿದ್ದೆಯಲ್ಲಿ ಬೆಚ್ಚಿ ಏಳುವುದು, ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹೆದರಿಕೆಯಾಗುವುದು ಕೆಲವರಿಗೆ ಆಗುತ್ತದೆ. ನನಗೂ ಮೊದಲ ಬಾರಿ ಹಾಗಾಗಿತ್ತು. ಯಾರ ಬಳಿಯಾದರೂ ಹೇಳಿಕೊಳ್ಳಿ. ವಾರಗಳು ಕಳೆದರೂ ಬಿಡದಿದ್ದರೆ ಆಪ್ತಸಮಾಲೋಚಕರನ್ನು ಕಾಣಿ.

ಎಂಟನೆಯ ಹಂತ: ವರದಿ ಮತ್ತು ಮುಂದಿನ ಬಾರಿ

ವರದಿ ಯಾವಾಗ ಬರುತ್ತದೆ, ಯಾರು ತಿಳಿಸುತ್ತಾರೆ ಎಂದು ಹೊರಡುವ ಮುನ್ನವೇ ಕೇಳಿ ಬರೆದಿಟ್ಟುಕೊಳ್ಳಿ. ಹೇಳಿದ ದಿನ ದಾಟಿದರೆ ನೀವೇ ವಿಚಾರಿಸಿ. ಕೆಲವೊಮ್ಮೆ "ಮಾದರಿ ಸಾಕಾಗಲಿಲ್ಲ" ಎಂದು ವರದಿ ಬರುತ್ತದೆ. ಮುಟ್ಟು ನಿಂತವರಲ್ಲಿ ಒಳಪದರ ತೆಳುವಾಗಿರುವುದರಿಂದ ಇದು ಅಪರೂಪವಲ್ಲ. ಆಗ ಮತ್ತೆ ಪರೀಕ್ಷೆ ಬೇಕೇ, ಬೇಕಾದರೆ ಅದೇ ರೀತಿಯೇ ಅಥವಾ ಅರಿವಳಿಕೆಯಲ್ಲೇ ಎಂಬುದನ್ನು ಮೂರನೆಯ ಹಂತದಲ್ಲಿ ಹೇಳಿದಂತೆ ಹೊಸದಾಗಿ ಕುಳಿತು ಮಾತನಾಡಿ.

ನೆನಪು ಹಸಿಯಾಗಿರುವಾಗಲೇ ಒಂದು ಹಾಳೆಯಲ್ಲಿ ಬರೆದಿಡಿ: ಯಾವ ಮಾತ್ರೆ, ಎಷ್ಟು ಹೊತ್ತು ಮುಂಚೆ ತೆಗೆದುಕೊಂಡಿರಿ, ಇಂಜೆಕ್ಷನ್ ಕೊಟ್ಟರೇ, ಹತ್ತಕ್ಕೆ ಎಷ್ಟು ನೋವಾಯಿತು, ಯಾವ ಘಟ್ಟದಲ್ಲಿ ಹೆಚ್ಚಾಯಿತು, ತಲೆ ಸುತ್ತಿತೇ, ಯಾವುದು ಸಹಾಯವಾಯಿತು. ನೋವು ತೀವ್ರವಾಗಿದ್ದರೆ ಅದನ್ನು ನಿಮ್ಮ ವೈದ್ಯಕೀಯ ದಾಖಲೆಯಲ್ಲಿಯೂ ಬರೆಸಿ. ನನ್ನ ಹಾಳೆ ಈಗಲೂ ಸ್ಕ್ಯಾನಿಂಗ್ ವರದಿಗಳ ಜೊತೆಗೇ ಇದೆ. ಹೊಸ ವೈದ್ಯರ ಬಳಿ ಹೋದಾಗ ಫೈಲಿನಿಂದ ಮೊದಲು ಹೊರಗೆ ತೆಗೆಯುವುದು ಅದನ್ನೇ.